ವಾರ್ತಾಪ್ರಾಮಾಣ್ಯ ವಿಚಾರ: ಸರ್ಕಾರಿ ಬಾನುಲಿಯ ಮೇಲೊಂದು ಕಿರುಭಾಷ್ಯ

ಸರ್ಕಾರದ ದುಡ್ಡಿನಲ್ಲಿ ಓದಿದ ಸುದ್ದಿಯನ್ನು ನಂಬಬಹುದೇ ಎಂಬುದು ಹೊಸ ಪ್ರಶ್ನೆಯೆಂದು ಮಾಧ್ಯಮ ವಿದ್ವಾಂಸರು ತಿಳಿದಿದ್ದಾರೆ. ಅದು ಅವರ ಓದಿನ ಕೊರತೆ. ಭಾಗವತದಲ್ಲೇ ಇದು ಬಂದುಹೋಗಿದೆ. ತಂಗಿಯ ಮದುವೆಯ ರಥವನ್ನು ತಾನೇ ಹೊಡೆದುಕೊಂಡು ಹೋಗುತ್ತಿದ್ದ ಕಂಸನಿಗೆ ಆಕಾಶದಿಂದ ಒಂದು ವಾರ್ತೆ ಕೇಳಿಸಿತು: ಇವಳ ಎಂಟನೆಯ ಗರ್ಭ ನಿನ್ನನ್ನು ಕೊಲ್ಲುತ್ತದೆ. ಓದಿದವರು ಯಾರೆಂದು ಪತ್ತೆಯಾಗಲಿಲ್ಲ. ಆದಕಾರಣ ಪಕ್ಕದಲ್ಲಿದ್ದು ಕೇಳಿಸಿಕೊಂಡವರನ್ನು ಸೆರೆಗೆ ಹಾಕಲಾಯಿತು. ಆ ವಾರ್ತೆ ಆಳುವವನಿಗೆ ಅಪ್ರಿಯವಾಗಿತ್ತು, ನಿಜವೂ ಆಗಿತ್ತು. ಈ ಎರಡು ಗುಣಗಳು ಒಂದೇ ಪ್ರಸಾರದಲ್ಲಿ ಕೂಡಿಬಂದ ನಿದರ್ಶನಗಳು ದ್ವಾಪರದಿಂದೀಚೆಗೆ ಕಡಿಮೆ.

ಪ್ರಸ್ತುತ ಪ್ರಬಂಧವು ಈ ವಿಷಯವನ್ನು ನ್ಯಾಯ ಮತ್ತು ಮೀಮಾಂಸೆಗಳ ಬೆಳಕಿನಲ್ಲಿ ಪರಿಶೀಲಿಸುತ್ತದೆ. ಪಾಶ್ಚಾತ್ಯ ಸಂವಹನಶಾಸ್ತ್ರವನ್ನು ಯಾಕೆ ಆಶ್ರಯಿಸಲಿಲ್ಲವೆಂದರೆ, ಅದನ್ನು ಆಶ್ರಯಿಸಿದ ಮಹಾಪ್ರಬಂಧಗಳು ವಿಶ್ವವಿದ್ಯಾಲಯಗಳ ಕಪಾಟು ತುಂಬಿವೆ, ಯಾರೂ ಓದಿಲ್ಲ. ನಮ್ಮದನ್ನು ಓದದಿರುವುದಕ್ಕೆ ಬೇರೆ ಕಾರಣವಾದರೂ ಇರಲಿ.

ಕರ್ತೃಲೋಪ ಪ್ರಕರಣ

ಮೀಮಾಂಸಕರ ವಾದ ಸರಳವಾದದ್ದು. ಮಾತಿನಲ್ಲಿ ದೋಷ ಹುಟ್ಟುವುದು ಆಡುವವನಿಂದ. ಮರೆವು, ಮೋಸ, ದುರಾಸೆ ಇವೆಲ್ಲ ಪುರುಷದೋಷಗಳು. ವೇದಕ್ಕೆ ಕರ್ತೃವೇ ಇಲ್ಲ, ಅದು ಅಪೌರುಷೇಯ, ಆದ್ದರಿಂದ ದೋಷವೂ ಇಲ್ಲ. ಇದನ್ನು ಸಾಧಿಸಲು ಕುಮಾರಿಲಭಟ್ಟನಿಗೆ ಸಾವಿರಾರು ಶ್ಲೋಕಗಳು ಬೇಕಾದವು. ನಮ್ಮ ವಾರ್ತಾವಿಭಾಗಕ್ಕೆ ಒಂದು ಬಾಲ ಸಾಕಾಯಿತು: ‘ಲಾಗಿದೆ’.

ಆದೇಶ ಹೊರಡಿಸಲಾಗಿದೆ. ಲಾಠಿ ಪ್ರಹಾರ ನಡೆಸಲಾಯಿತು. ಹಲವರನ್ನು ವಶಕ್ಕೆ ಪಡೆಯಲಾಗಿದೆ. ತನಿಖೆಗೆ ಸಮಿತಿ ರಚಿಸಲಾಗಿದೆ. ಹೊಡೆದವರು ಯಾರು, ಹಿಡಿದವರು ಯಾರು ಎಂದು ಕೇಳಿದರೆ ಅದು ವೇದ ಬರೆದವರ ವಿಳಾಸ ಕೇಳಿದಷ್ಟೇ ಅನುಚಿತ. ಕನ್ನಡನಾಡಿನ ಯಾವ ಅಜ್ಜಿಯೂ ‘ಹಾಲು ಚೆಲ್ಲಲಾಗಿದೆ’ ಎಂದವಳಲ್ಲ. ಅವಳು ಬೆಕ್ಕಿನ ಹೆಸರನ್ನೋ ಮೊಮ್ಮಗನ ಹೆಸರನ್ನೋ ಹೇಳಿಯೇ ತೀರುತ್ತಾಳೆ. ಅಜ್ಜಿಯ ಸುದ್ದಿ ಪೌರುಷೇಯ. ಆದ್ದರಿಂದಲೇ ಅದರಲ್ಲಿ ಪಕ್ಷಪಾತವೂ ಉಂಟು, ಸಾಮಾನ್ಯವಾಗಿ ಬೆಕ್ಕಿನ ವಿರುದ್ಧ.

ಕರ್ತೃಲೋಪ ಸಾರ್ವತ್ರಿಕವಲ್ಲ ಎಂಬುದನ್ನು ಸೂಕ್ಷ್ಮಮತಿಗಳು ಗಮನಿಸಬೇಕು. ಶುಭಕ್ಕೆ ಕರ್ತೃ ಉಂಟು, ಅಶುಭಕ್ಕೆ ಇಲ್ಲ. ‘ಮಾನ್ಯ ಸಚಿವರು ಸೇತುವೆಯನ್ನು ಲೋಕಾರ್ಪಣೆಗೊಳಿಸಿದರು.’ ಎರಡು ಮಳೆಗಾಲ ಕಳೆದ ಮೇಲೆ ‘ಸೇತುವೆ ಕುಸಿದಿದೆ.’ ನಿಲ್ಲಿಸಿದವರು ಸಚಿವರು, ಕುಸಿದದ್ದು ಸೇತುವೆಯ ಸ್ವಂತ ನಿರ್ಧಾರ. ಇನ್ನು ‘ಉನ್ನತ ಮೂಲಗಳಿಂದ ತಿಳಿದುಬಂದಿದೆ’ ಎಂಬಲ್ಲಿ ಬರುವ ಮೂಲಗಳನ್ನು ಮಂತ್ರದ್ರಷ್ಟಾರರೆಂದು ತಿಳಿಯಬೇಕು. ಋಷಿಗಳಂತೆ ಇವರೂ ಕಂಡವರೇ ಹೊರತು ಮಾಡಿದವರಲ್ಲ.

ಇಲ್ಲಿ ವೈಯಾಕರಣರ ಆಕ್ಷೇಪವೊಂದಿದೆ. ಸುದ್ದಿ ಓದುವ ಮನುಷ್ಯ ಕಣ್ಣೆದುರೇ ಇರುವಾಗ ಕರ್ತೃವಿಲ್ಲ ಎನ್ನುವುದು ಹೇಗೆ? ಸಮಾಧಾನ ಪಾಣಿನಿಯಲ್ಲೇ ಇದೆ. ಸ್ವತಂತ್ರನಾದವನು ಮಾತ್ರ ಕರ್ತೃ ಎಂದು ಅವನ ಲಕ್ಷಣ. ಮುಂದಿನದನ್ನು ವಿವರಿಸುವ ಅಗತ್ಯ ಕಾಣುವುದಿಲ್ಲ.

ವೇದಪಾಠದ ಇನ್ನೊಂದು ಸಾಮ್ಯವೂ ಉಲ್ಲೇಖಾರ್ಹ. ನಮ್ಮ ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತವಾಗಿ ಸುದ್ದಿ ಓದುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನೇ ಒಂದಕ್ಷರ ತಿದ್ದದೆ ಪ್ರಸಾರ ಮಾಡಬಹುದು. ಘನಪಾಠಿಗಳು ಮೂರು ಸಾವಿರ ವರ್ಷ ನಡೆಸಿದ ಶಿಸ್ತು ಇದೇ. ಹಾಗಾಗಿ ಬೆಂಗಳೂರಿನ ಎಫ್‌ಎಂಗಳಲ್ಲಿ ಟ್ರಾಫಿಕ್ ಎಲ್ಲಿ ನಿಂತಿದೆ ಎಂದು ಹೇಳಬಹುದು, ಸರ್ಕಾರ ಎಲ್ಲಿ ನಿಂತಿದೆ ಎಂದು ಹೇಳುವಂತಿಲ್ಲ.

ಆಪ್ತ ಪ್ರಕರಣ

ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಶಬ್ದ ಪ್ರಮಾಣವಾಗಬೇಕಾದರೆ ಆಡಿದವನು ಆಪ್ತನಾಗಿರಬೇಕು ಎನ್ನುತ್ತಾರೆ. ವಾತ್ಸ್ಯಾಯನನ ಭಾಷ್ಯದ ಪ್ರಕಾರ ವಿಷಯವನ್ನು ಸ್ವತಃ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಬಯಕೆಯಿರುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಆತ ಸೇರಿಸಿದ್ದಾನೆ. ಮ್ಲೇಚ್ಛನನ್ನು ಯಾಕೆ ಸೇರಿಸಿದನೆಂದು ಪಂಡಿತರು ಬಹುಕಾಲ ಚರ್ಚಿಸಿದ್ದಾರೆ. ಬಿಬಿಸಿಗಾಗಿ ಎಂಬುದು ನಮ್ಮ ನಮ್ರ ಅಭಿಪ್ರಾಯ.

1975ರ ಜೂನ್ 26ರ ಬೆಳಗ್ಗೆ ಇಂದಿರಾ ಗಾಂಧಿಯವರು ಬಾನುಲಿಯಲ್ಲಿ ಮಾತಾಡಿ, ರಾಷ್ಟ್ರಪತಿಗಳು ತುರ್ತುಪರಿಸ್ಥಿತಿ ಘೋಷಿಸಿದ್ದಾರೆ, ಗಾಬರಿಪಡುವಂಥದ್ದೇನಿಲ್ಲ ಎಂದರು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ ಮೊದಲಾದವರನ್ನು ಅದೇ ದಿನ ಇಲ್ಲಿಯೇ ಬಂಧಿಸಿ ಸೆಂಟ್ರಲ್ ಜೈಲಿಗೆ ಕಳಿಸಲಾಯಿತು. (ಈ ‘ಲಾಯಿತು’ ನಮ್ಮದು. ಶಾಸ್ತ್ರಕಾರನಿಗೂ ಸಹವಾಸದೋಷ ತಪ್ಪದು.) ಅಲ್ಲಿಂದ ಮುಂದಿನ ಇಪ್ಪತ್ತೊಂದು ತಿಂಗಳು ಆಲ್ ಇಂಡಿಯಾ ರೇಡಿಯೋವನ್ನು ಜನ ಆಲ್ ಇಂದಿರಾ ರೇಡಿಯೋ ಎಂದು ಕರೆದರು. ಕಿರುತರಂಗದ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಲಂಡನ್ನನ್ನು ಹುಡುಕುವುದು ಓದುಬರಹ ಬಲ್ಲ ಮನೆಗಳ ಸಂಧ್ಯಾವಂದನೆಯಾಯಿತು.

1984ರ ಅಕ್ಟೋಬರ್ 31ರಂದು ಇದಕ್ಕೆ ರಾಜಮುದ್ರೆ ಬಿತ್ತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಗುಂಡು ಬಿದ್ದದ್ದು ಬೆಳಗ್ಗೆ. ಅವರಿಲ್ಲವೆಂದು ಸರ್ಕಾರಿ ಪ್ರಸಾರ ಒಪ್ಪಿಕೊಂಡದ್ದು ಸಂಜೆಗೆ. ಬಿಬಿಸಿ ಅದನ್ನು ಗಂಟೆಗಳ ಮೊದಲೇ ಹೇಳಿ ಮುಗಿಸಿತ್ತು. ಆ ಹೊತ್ತು ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ಮಗ ರಾಜೀವ ಗಾಂಧಿಯವರೂ ಕಿವಿಗಿಟ್ಟುಕೊಂಡದ್ದು ಬಿಬಿಸಿಯನ್ನೇ. ಆಳುವ ಮನೆಯವರೇ ತಮ್ಮ ಮನೆಯ ಸುದ್ದಿಗೆ ತಮ್ಮ ರೇಡಿಯೋ ನಂಬದಿದ್ದಾಗ, ಮಾತು ತನಗೆ ತಾನೇ ಪ್ರಮಾಣವೆಂಬ ಮೀಮಾಂಸಕರ ಸ್ವತಃಪ್ರಾಮಾಣ್ಯವಾದ ಬಿದ್ದುಹೋಗಿ, ಹೊರಗಿನ ಸಾಕ್ಷಿ ಬೇಕೆಂಬ ನೈಯಾಯಿಕರ ಪರತಃಪ್ರಾಮಾಣ್ಯವಾದ ಗೆದ್ದಿತೆಂದೇ ಹೇಳಬೇಕು.

ಆದರೆ ನೈಯಾಯಿಕನೂ ನಿಶ್ಚಿಂತೆಯಿಂದ ಮಲಗುವಂತಿಲ್ಲ. ಲಂಡನ್ನಿನ ಮಾತನ್ನು ನಂಬಲು ಏನು ಪ್ರಮಾಣ? ಆ ವಿಶ್ವಸೇವೆಗೆ 2014ರವರೆಗೂ ಹಣ ಬರುತ್ತಿದ್ದುದು ಬ್ರಿಟನ್ನಿನ ವಿದೇಶಾಂಗ ಕಚೇರಿಯ ಅನುದಾನದಿಂದ. 1926ರ ಸಾರ್ವತ್ರಿಕ ಮುಷ್ಕರದ ದಿನಗಳಲ್ಲಿ ಬಿಬಿಸಿಯ ಆದಿಪುರುಷ ಜಾನ್ ರೀತ್ ತನ್ನ ದಿನಚರಿಯಲ್ಲಿ, ನಾವು ನಿಜಕ್ಕೂ ನಿಷ್ಪಕ್ಷಪಾತಿಗಳಾಗಿ ಇರಲಾರೆವೆಂಬ ಭರವಸೆ ಸರ್ಕಾರಕ್ಕಿದೆ ಎಂಬರ್ಥದ ಮಾತು ಬರೆದುಕೊಂಡಿದ್ದಾನೆ. ಅಂದಮೇಲೆ ನಾವು ಮಾಡಿದ್ದೇನು? ಒಂದು ಸರ್ಕಾರದ ರೇಡಿಯೋ ಹೇಳಿದ್ದು ಸುಳ್ಳೋ ನಿಜವೋ ಎಂದು ಇನ್ನೊಂದು ಸರ್ಕಾರದ ರೇಡಿಯೋ ಹಾಕಿ ನೋಡಿದೆವು. ತರ್ಕದಲ್ಲಿ ಇದಕ್ಕೆ ಅನವಸ್ಥಾ ದೋಷವೆಂದು ಹೆಸರು. ಬಿಬಿಸಿಗೆ ಕನ್ನಡ ವಿಭಾಗ ಇಲ್ಲದಿದ್ದ ಕಾರಣ ಕನ್ನಡಿಗರು ಈ ದೋಷವನ್ನೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾಡಬೇಕಾಯಿತು.

ಅರ್ಥಾಪತ್ತಿ ಮತ್ತು ಅನುಪಲಬ್ಧಿ

ದಪ್ಪಗಿರುವ ದೇವದತ್ತ ಹಗಲು ಊಟ ಮಾಡುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಾನೆ. ಇದು ಅರ್ಥಾಪತ್ತಿ. ‘ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ, ನಿಷೇಧಾಜ್ಞೆಯನ್ನು ಇನ್ನೂ ಮೂರು ದಿನ ವಿಸ್ತರಿಸಲಾಗಿದೆ.’ ದೇವದತ್ತ ಎಲ್ಲಿ ಉಂಡನೆಂದು ಕೇಳುಗನಿಗೆ ಕೂಡಲೇ ಹೊಳೆಯುತ್ತದೆ. ಗಾಬರಿಪಡುವಂಥದ್ದೇನಿಲ್ಲ ಎಂಬ ಜೂನ್ 26ರ ವಾಕ್ಯವನ್ನು ಇಡೀ ದೇಶ ಇದೇ ಕ್ರಮದಲ್ಲಿ ಅರ್ಥೈಸಿಕೊಂಡಿತು.

ದೂರದರ್ಶನವೂ ಈ ಶಾಸ್ತ್ರಕ್ಕೆ ಕಾಣಿಕೆ ಕೊಟ್ಟಿದೆ. 1977ರ ಫೆಬ್ರುವರಿಯಲ್ಲಿ ಕಾಂಗ್ರೆಸ್ ಬಿಟ್ಟುಬಂದ ಜಗಜೀವನರಾಮ್ ದೆಹಲಿಯ ರಾಮಲೀಲಾ ಮೈದಾನದಲ್ಲಿ ಭಾಷಣ ಮಾಡಲಿದ್ದ ಭಾನುವಾರದ ಸಂಜೆ, ದೆಹಲಿಯ ಟಿವಿಯಲ್ಲಿ ಇದ್ದಕ್ಕಿದ್ದಂತೆ ‘ಬಾಬಿ’ ಚಿತ್ರ ಬಂತು. ಪುಕ್ಕಟೆಯಾಗಿ ಇಂಥ ಉಪಕಾರ ಯಾಕೆ ಎಂದು ಯೋಚಿಸಿದ ಜನ ಮೈದಾನಕ್ಕೇ ಹೋದರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಆದ್ದರಿಂದ ನಮ್ಮನ್ನು ಮನೆಯಲ್ಲಿ ಕೂರಿಸಲು ಯಾರೂ ‘ಬಾಬಿ’ಯ ನಾಯಕಿ ಡಿಂಪಲ್ ಕಪಾಡಿಯಾರನ್ನು ಕಳಿಸಲಿಲ್ಲ ಎಂಬ ಕೊರಗು ಹಿರಿಯರಲ್ಲಿ ಉಳಿದಿರಬಹುದು.

ಅನುಪಲಬ್ಧಿ ಇನ್ನೂ ನಾಜೂಕಾದದ್ದು. ಇರಬೇಕಾದದ್ದು ಕಾಣದಿದ್ದರೆ ಆ ಕಾಣದಿರುವಿಕೆಯೇ ಜ್ಞಾನ. 1976ರಲ್ಲಿ ಆಕಾಶವಾಣಿಯಿಂದ ಕಿಶೋರ್ ಕುಮಾರ್ ಮಾಯವಾದರು. ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪದಿದ್ದುದು ಅವರ ಅಪರಾಧ. ತಡೆಯ ಸುದ್ದಿಯನ್ನು ಯಾರೂ ಓದಲಿಲ್ಲ. ಹಾಡು ಬಾರದಿದ್ದುದೇ ಸುದ್ದಿ. ಹಾಗೆಯೇ ಬೆಳಗ್ಗೆ ಚಿತ್ರಗೀತೆಯ ಹೊತ್ತಿಗೆ ವಿವರಣೆಯಿಲ್ಲದೆ ಶೆಹನಾಯಿ ಕೇಳಿಬಂದರೆ ಹೋಟೆಲಿನಲ್ಲಿ ಕುಳಿತವರು ಲೋಟ ಕೆಳಗಿಟ್ಟು ‘ಯಾರಪ್ಪಾ ಹೋಗಿದ್ದು?’ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಊಹೆ ತಪ್ಪುತ್ತಿದ್ದುದು ಹೆಸರಿನಲ್ಲಿ ಮಾತ್ರ.

ಪ್ರತ್ಯಕ್ಷ, ಅನುಮಾನ, ಉಪಮಾನಗಳು ಸರ್ಕಾರಿ ಸುದ್ದಿಗೆ ಅನ್ವಯಿಸಿದ ದಾಖಲೆಗಳು ಸಿಗದ ಕಾರಣ ಅವುಗಳನ್ನು ಕೈಬಿಡಲಾಗಿದೆ.

ಮೊಲದ ಕೊಂಬಿನ ಪ್ರಕರಣ

ಹೆಸರಿದ್ದು ವಸ್ತುವಿಲ್ಲದ್ದಕ್ಕೆ ತಾರ್ಕಿಕರು ಮೊಲದ ಕೊಂಬನ್ನು ಉದಾಹರಿಸುತ್ತಾರೆ. ಪ್ರಸಾರ ಸ್ವಾಯತ್ತತೆಯನ್ನು ಉದಾಹರಿಸಲು ಅವರಿಗೆ ಅವಕಾಶವಿರಲಿಲ್ಲ. 1960ರ ದಶಕದಲ್ಲಿ ಚಂದಾ ಸಮಿತಿ ಕೊಂಬು ಬೇಕೆಂದಿತು. ಬೆಂಗಳೂರಿನ ಜೈಲಿನಿಂದ ಹೊರಬಂದು 1977ರಲ್ಲಿ ಪ್ರಸಾರ ಖಾತೆಯ ಸಚಿವರಾದ ಆಡ್ವಾಣಿಯವರ ಕಾಲದಲ್ಲಿ ವರ್ಗೀಸ್ ಸಮಿತಿ ಅದರ ಅಳತೆ ಬರೆದುಕೊಟ್ಟಿತು. 1979ರಲ್ಲಿ ಬಂದ ಮಸೂದೆ ಸರ್ಕಾರದೊಂದಿಗೇ ಬಿದ್ದುಹೋಯಿತು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಪಾಸಾಯಿತು, ಜಾರಿಯಾದದ್ದು 1997ರಲ್ಲಿ. ಸರ್ಕಾರದ ಕೈಯಿಂದ ಬಿಡಿಸಿಕೊಳ್ಳುವ ಕಾಯ್ದೆಗೆ ಸರ್ಕಾರದ ಅಧಿಸೂಚನೆಯೇ ಬೇಕಿತ್ತು, ಅದು ಏಳು ವರ್ಷ ಬರಲಿಲ್ಲ. ನಡುವೆ 1995ರಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪಂದ್ಯ ತೋರಿಸುವ ಹಕ್ಕಿನ ಜಗಳವನ್ನು ತೀರ್ಮಾನಿಸುತ್ತ, ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದಿತು. ಸಾರ್ವಜನಿಕರು ತಮ್ಮ ಆಸ್ತಿಯನ್ನು ಕೆರೆ, ಗೋಮಾಳಗಳಷ್ಟೇ ಭದ್ರವಾಗಿ ಅನುಭವಿಸುತ್ತಿದ್ದಾರೆ.

ಜಾರಿಯಾದ ಮೇಲೂ ಸಂಬಳದ ಹಣ ಬರುವುದು ಅದೇ ಸಚಿವಾಲಯದಿಂದ. ಪಕ್ಷಭೇದ ಮಾಡಿದರೆ ಶಾಸ್ತ್ರಕ್ಕೆ ಅಪಚಾರವಾದೀತು. ಎಂಬತ್ತರ ದಶಕದಲ್ಲಿ ದೂರದರ್ಶನಕ್ಕೆ ರಾಜೀವ್ ದರ್ಶನವೆಂದು ಅಡ್ಡಹೆಸರಿತ್ತು. 2014ರ ವಿಜಯದಶಮಿಗೆ ಆರೆಸ್ಸೆಸ್ ಸರಸಂಘಚಾಲಕರ ಭಾಷಣ ಅದರಲ್ಲಿ ನೇರ ಪ್ರಸಾರವಾಯಿತು. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರದ ಎಡಪಕ್ಷದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣವನ್ನು ತಿದ್ದದೆ ಪ್ರಸಾರ ಮಾಡಲಾಗದು ಎನ್ನಲಾಯಿತು. 2024ರಲ್ಲಿ ಡಿಡಿ ನ್ಯೂಸ್ ಲಾಂಛನ ಕೆಂಪಿನಿಂದ ಕೇಸರಿಗೆ ತಿರುಗಿತು. ಮೊಲ ಒಂದೇ, ಕೊಂಬು ಕಾಣಿಸದ ದಿಕ್ಕು ಮಾತ್ರ ಬೇರೆ.

ನೆನಪಿಡಬೇಕಾದ ವಿಚಿತ್ರವೆಂದರೆ, ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಸರ್ಕಾರದಲ್ಲಲ್ಲ. 1935ರಲ್ಲಿ ಮೈಸೂರಿನ ಮನೋವಿಜ್ಞಾನದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರೇಷಕ ಇಟ್ಟುಕೊಂಡು ಶುರುಮಾಡಿದ ಖಾಸಗಿ ಬಾನುಲಿಯದು. ಜನ ಯಾಕೆ ನಂಬುತ್ತಾರೆಂಬುದನ್ನು ತಿಳಿದ ಮನೋವಿಜ್ಞಾನಿಯಿಂದ ಸರ್ಕಾರ ತೆಗೆದುಕೊಂಡದ್ದು ಹೆಸರನ್ನು ಮಾತ್ರ.

ಸಿದ್ಧಾಂತ

ಹಾಗಾದರೆ ಆಕಾಶವಾಣಿಯನ್ನು ಯಾರೂ ನಂಬಬಾರದಿತ್ತು. ಆದರೆ ನಂಬುತ್ತಾರೆ. ಆಕ್ಸ್‌ಫರ್ಡಿನ ರಾಯ್ಟರ್ಸ್ ಇನ್‌ಸ್ಟಿಟ್ಯೂಟ್ 2021ರಲ್ಲಿ ಇಂಗ್ಲಿಷ್ ಬಲ್ಲ, ಇಂಟರ್ನೆಟ್ ಬಳಸುವ ಭಾರತೀಯರನ್ನು ಕೇಳಿದಾಗಲೂ ಆಕಾಶವಾಣಿ, ದೂರದರ್ಶನಗಳು ಹೆಚ್ಚು ವಿಶ್ವಾಸ ಗಳಿಸಿದ ಸಂಸ್ಥೆಗಳ ಸಾಲಿನಲ್ಲಿದ್ದವು. ಕಿರುಚುವ ಚಾನೆಲ್ಲುಗಳು ಕೆಳಗಿದ್ದವು. ಈ ವಿರೋಧಾಭಾಸವನ್ನು ಬಿಡಿಸುವುದೇ ಪ್ರಬಂಧದ ಪ್ರಯೋಜನ.

ಕಂಡ ನೀರು ಮರೀಚಿಕೆಯೋ ನಿಜವೋ ಎಂಬುದು ಕುಡಿದಾಗ ಗೊತ್ತಾಗುತ್ತದೆ ಎನ್ನುತ್ತಾರೆ ನೈಯಾಯಿಕರು. ಇದು ಪ್ರವೃತ್ತಿಸಾಮರ್ಥ್ಯ. ಈಗ ಸಾಗರ, ಶಿರಸಿಗಳ ಅಡಿಕೆ ಬೆಳೆಗಾರನನ್ನು ನೋಡಿ. ಪೇಟೆ ಧಾರಣೆಯಲ್ಲಿ ರಾಶಿಗೆ ಇಷ್ಟು, ಬೆಟ್ಟೆಗೆ ಇಷ್ಟು, ಚಾಲಿಗೆ ಇಷ್ಟು ಎಂದು ಕೇಳಿ ಆತ ಮಂಡಿಗೆ ಹೋಗುತ್ತಾನೆ. ಹೆಚ್ಚುಕಡಿಮೆ ಅದೇ ದರ ಇರುತ್ತದೆ. ಕೃಷ್ಣರಾಜಸಾಗರದ ಮಟ್ಟ 124.80 ಅಡಿ ಮುಟ್ಟಿತೆಂದು ರೇಡಿಯೋ ಹೇಳಿದರೆ ಮಂಡ್ಯದ ರೈತ ನಾಲೆಯ ಬದಿಗೆ ಹೋಗಿ ನಿಂತು ಸಾಕ್ಷಿ ನೋಡಬಲ್ಲ. ‘ಈಗ ಸಮಯ’ ಎಂದೊಡನೆ ಗಡಿಯಾರ ತಿದ್ದಿಕೊಂಡರೆ ಬಸ್ಸು ತಪ್ಪುವುದಿಲ್ಲ. ಪರೀಕ್ಷಿಸಬಹುದಾದ ಕಡೆಯಲ್ಲೆಲ್ಲ ಈ ಬಾನುಲಿ ನಿಷ್ಠುರ ಸತ್ಯವಂತ. ಹೀಗೆ ಅಡಿಕೆ, ನೀರು, ಗಡಿಯಾರಗಳಲ್ಲಿ ದಿನದಿನವೂ ಕೂಡಿಟ್ಟ ನಂಬಿಕೆಯನ್ನು, ಪರೀಕ್ಷಿಸಲಾಗದ ಸಚಿವರ ಹೇಳಿಕೆಯ ಮೇಲೆ ಬುಲೆಟಿನ್ನಿನ ಮೊದಲ ಮೂರು ನಿಮಿಷದಲ್ಲಿ ಖರ್ಚು ಮಾಡಲಾಗುತ್ತದೆ. ಗಳಿಸುವವನು ಕೃಷಿರಂಗದವನು, ಉಡಾಯಿಸುವವನು ಮುಖ್ಯಾಂಶದವನು.

ಖಾಸಗಿ ಚಾನೆಲ್ಲುಗಳಿಗೆ ಧಾರಣೆ ಓದಿ ಗಳಿಸುವ ತಾಳ್ಮೆಯಿಲ್ಲ. ಅವಕ್ಕೆ ಗಳಿಕೆಯೇ ಇಲ್ಲದೆ ಬರೀ ಖರ್ಚು. ಅಲ್ಲದೆ ಸರ್ಕಾರಿ ಸುದ್ದಿಯ ವಾಲು ಯಾವ ಕಡೆಗೆಂದು ಎಲ್ಲರಿಗೂ ಗೊತ್ತಿರುವುದರಿಂದ ಕೇಳುಗ ಅಷ್ಟನ್ನು ಕಳೆದು ಉಳಿದದ್ದನ್ನು ಇಟ್ಟುಕೊಳ್ಳಬಲ್ಲ. ಖಾಸಗಿಯಲ್ಲಿ ಕರ್ತೃ ಎದುರಿಗೇ ಕುಳಿತು ಅರಚುತ್ತಿರುತ್ತಾನೆ, ಅವನ ಧಣಿ ಯಾರೆಂಬುದು ಮಾತ್ರ ಅಪೌರುಷೇಯ. ಅಲ್ಲಿ ಒಂದು ನಿಮಿಷವೂ ಮೌನವಿಲ್ಲದ ಕಾರಣ ಅನುಪಲಬ್ಧಿಗೂ ಎಡೆಯಿಲ್ಲ. ಆದ್ದರಿಂದ ಆ ಕ್ಷೇತ್ರ ಈ ಭಾಷ್ಯದ ವ್ಯಾಪ್ತಿಗೆ ಹೊರಗಿನದು.

ಒಂದು ಸಂದೇಹ ಮಾತ್ರ ಉಳಿದಿದೆ. ಪ್ರತಿ ಬುಲೆಟಿನ್ನಿನ ಕೊನೆಗೆ, ಕರಾವಳಿಯ ಹಲವೆಡೆ ಮತ್ತು ದಕ್ಷಿಣ ಒಳನಾಡಿನ ಕೆಲವೆಡೆ ಮಳೆಯಾಗುವ ಸಾಧ್ಯತೆಯಿದೆ ಎಂಬ ವಾಕ್ಯ ಬರುತ್ತದೆ. ಈ ಕೆಲವು, ಹಲವುಗಳಿಗೂ ಹವಾಮಾನ ಇಲಾಖೆಯಲ್ಲಿ ಶೇಕಡಾವಾರು ಲೆಕ್ಕವಿದೆ. ಅಂದರೆ ತನಗೆ ಗೊತ್ತಿಲ್ಲವೆಂದೂ ಎಷ್ಟರಮಟ್ಟಿಗೆ ಗೊತ್ತಿಲ್ಲವೆಂದೂ ಇಡೀ ವಾರ್ತೆ ಒಪ್ಪಿಕೊಳ್ಳುವುದು ಅಲ್ಲಿ ಮಾತ್ರ. ಯೋಜನೆ ಶೇಕಡ ನೂರು ಯಶಸ್ವಿ ಎಂದಾಗ ಸುಮ್ಮನೆ ಕುಳಿತಿದ್ದ ಕೇಳುಗರು ಈ ವಾಕ್ಯಕ್ಕೆ ಹೊ ಎಂದು ನಕ್ಕು, ‘ಹಾಗಾದ್ರೆ ಹಪ್ಪಳ ಒಣಗೋಕೆ ಹಾಕೇ’ ಎಂದು ಹೆಂಡತಿಗೆ ಕೂಗಿ ಹೇಳುವುದೇಕೆ ಎಂಬುದಕ್ಕೆ ಆರು ಪ್ರಮಾಣಗಳಲ್ಲಿ ಯಾವುದರಿಂದಲೂ ಉತ್ತರ ದೊರೆತಿಲ್ಲ. ವಿದ್ವಾಂಸರ ಅಭಿಪ್ರಾಯ ಕೋರಲಾಗಿದೆ.