ಕೋಳಿ ಕಳುವಾಗಿ ಕಂಕಣ ಕೂಡಿತು

1815ರಲ್ಲಿ ಬಂದ ಜೇನ್ ಆಸ್ಟಿನ್ ಕಾದಂಬರಿ ‘ಎಮ್ಮಾ’ ಓದುವಾಗಲೆಲ್ಲ ನನಗೆ ನಗು. ಎಮ್ಮಾಳ ಆಪ್ತ ಗೆಳೆಯ ನೈಟ್ಲಿ ನೆಂಟಸ್ತಿಕೆಯಲ್ಲಿ ಅವಳಿಗೆ ಅಕ್ಕನ ಗಂಡನ ಅಣ್ಣ. ನಮ್ಮಲ್ಲಾಗಿದ್ದರೆ ಅಜ್ಜಿಯಂದಿರು ಮೊದಲ ಪುಟದಲ್ಲೇ ಜಾತಕ ಕೇಳುತ್ತಿದ್ದರು. ಮೂರು ಸಂಪುಟ ಬೇಕಿರಲಿಲ್ಲ.

ಈ ಹುಡುಗಿಗೋ ಊರವರಿಗೆಲ್ಲ ಜೋಡಿ ಹುಡುಕುವ ಚಟ. ತನ್ನ ಜೋಡಿ ಮಾತ್ರ ಆಗಾಗ ಮನೆಗೆ ಬಂದು, ಅಪ್ಪನ ಜೊತೆ ಹರಟಿ, ತನಗೆ ಬುದ್ಧಿ ಹೇಳಿ ಹೋಗುತ್ತಿರುವುದು ಕಾಣದು. 16 ವರ್ಷ ದೊಡ್ಡವನು. ಬೈಯುವುದು ತನ್ನ ಹಕ್ಕೆಂದೇ ತಿಳಿದವನು.

ಕ್ರೌನ್ ಇನ್‌ನ ನೃತ್ಯಕೂಟದಲ್ಲಿ ಆತ ಹಿರಿಯರ ಸಾಲಿನಲ್ಲಿ ನಿಂತದ್ದು ಕಂಡು, ಇವನಿಗೇನು ಅಷ್ಟು ವಯಸ್ಸಾಗಿದೆ ಅನ್ನಿಸುತ್ತದೆ ಅವಳಿಗೆ. ಶುರುವಾದದ್ದು ಅಲ್ಲೇ ಅಂತ ನನ್ನ ಗುಮಾನಿ. ಬಾಕ್ಸ್ ಹಿಲ್ ಪಿಕ್‌ನಿಕ್ಕಿನಲ್ಲಿ ಬಡಪಾಯಿ ಮಿಸ್ ಬೇಟ್ಸ್‌ಳನ್ನು ಎಲ್ಲರೆದುರು ಆಡಿಕೊಂಡದ್ದಕ್ಕೆ ನೈಟ್ಲಿ ಗದರಿದಾಗ, ಗಾಡಿಯಲ್ಲಿ ದಾರಿಯುದ್ದಕ್ಕೂ ಅಳು. ಬೇರೆ ಯಾರು ಬೈದಿದ್ದರೂ ಉಂಡು ಮಲಗುತ್ತಿದ್ದಳು! ಕೊನೆಗೆ ಗೆಳತಿ ಹ್ಯಾರಿಯೆಟ್ ತನ್ನ ಮನಸ್ಸು ನೈಟ್ಲಿಯ ಮೇಲಿದೆ ಅಂದಾಗಲೇ ಇವಳಿಗೆ ಜ್ಞಾನೋದಯ. ಪಕ್ಕದ ಮನೆಯವರು ಬೆಲೆ ಕೇಳಿದ ಮೇಲೆ ತಾನೆ ನಮ್ಮ ಹಳೇ ಸೈಕಲ್ಲು ಚೆಂದ ಕಾಣುವುದು?

ಇಬ್ಬರ ಮನಸ್ಸೇನೋ ಕೂಡಿತು. ಆದರೆ ಗಂಜಿ ಕುಡಿದು, ಥಂಡಿಗಾಳಿಗೆ ಹೆದರಿ ಬದುಕುವ ಅಪ್ಪನಿಗೆ ಮದುವೆ ಅಂದರೇ ಆಗದು. ಅಷ್ಟರಲ್ಲಿ ನೆರೆಯ ವೆಸ್ಟನ್ ದಂಪತಿಯ ಟರ್ಕಿ ಕೋಳಿಗಳು ಕಳುವಾದವು. ಕಳ್ಳಕಾಕರ ಕಾಲ, ಮನೆಯಲ್ಲೊಬ್ಬ ಗಟ್ಟಿ ಗಂಡಸಿರಲಿ ಅಂತ ಮುದುಕ ಹೂಂಗುಟ್ಟಿದ. ಅಷ್ಟು ದೊಡ್ಡ ಜಮೀನ್ದಾರ ನೈಟ್ಲಿ ತನ್ನ ಬಂಗಲೆ ಬಿಟ್ಟು ಮನೆ ಅಳಿಯನಾದ.

ಆ ಕೋಳಿಕಳ್ಳನಿಗೆ ಒಂದು ತಾಂಬೂಲವಾದರೂ ಸಿಗಬೇಕಿತ್ತು.