ಬೆನ್ನ ಹಿಂದಿನ ಬುಟ್ಟಿ

ಚುನಾವಣೆ ಬಂತೆಂದರೆ ನನಗೊಂದೇ ಹಟ: ಒಂದು ಚುಕ್ಕೆಯೂ ಇಲ್ಲದ ಅಭ್ಯರ್ಥಿ ಬೇಕು. ನಮ್ಮ ಮನೆಯವಳು ನಗುತ್ತಾಳೆ. “ರೀ, ಒಂದು ಹುಳವೂ ಇಲ್ಲದ ಬದನೆಕಾಯಿ ಕಂಡರೆ ನಾನು ಮುಟ್ಟೋದೇ ಇಲ್ಲ. ಎಷ್ಟು ಔಷಧಿ ಹೊಡೆದಿದಾರೋ ಏನೋ!”

ಇವಳ ತರಕಾರಿ ಶಾಸ್ತ್ರ ಯೆಹೂದಿಗಳ ಧರ್ಮಗ್ರಂಥ ತಾಲ್ಮುದಿನಲ್ಲೂ ಇದೆ ಅಂತ ನನಗೇನು ಗೊತ್ತಿತ್ತು? ಅದರ ‘ಯೋಮಾ’ ಭಾಗದಲ್ಲಿ ರಬ್ಬಿ ಯೋಹಾನಾನ್ ತನ್ನ ಗುರುವಿನ ಮಾತೊಂದನ್ನು ದಾಟಿಸುತ್ತಾನೆ. ಬೆನ್ನ ಹಿಂದೆ ಹಲ್ಲಿ-ಹುಳಹುಪ್ಪಟೆಯ ಬುಟ್ಟಿ ನೇತಾಡದವನನ್ನು ಸಮುದಾಯಕ್ಕೆ ನಾಯಕನನ್ನಾಗಿ ಮಾಡಬಾರದಂತೆ. ಏಕೆಂದರೆ ನಾಳೆ ಅವನಿಗೆ ಕೊಬ್ಬು ಬಂದರೆ, ‘ಸ್ವಲ್ಪ ಹಿಂದೆ ತಿರುಗಪ್ಪಾ’ ಎನ್ನಲು ಏನಾದರೂ ಇರಬೇಕಲ್ಲ! ಮಡಿ-ಮೈಲಿಗೆಯಲ್ಲಿ ನಮಗೇನೂ ಕಡಿಮೆಯಿಲ್ಲದವರು ಅವರು. ಅಂಥವರೇ ಮೈಲಿಗೆ ಬುಟ್ಟಿಯನ್ನು ಅರ್ಹತೆ ಮಾಡಿದ್ದಾರೆ. ಅವರ ಮೊದಲ ರಾಜ ಸೌಲನ ವಂಶದ ಆಳ್ವಿಕೆ ಉಳಿಯಲಿಲ್ಲ ಏಕೆ? ಅದರಲ್ಲಿ ಕಳಂಕವೇ ಇರಲಿಲ್ಲ, ಅದಕ್ಕೆ! ಮುಂದೆ ರಾಜನಾದ ದಾವೀದನಿಗೋ, ಪರದೇಶದ ಮೋವಾಬಿನಿಂದ ಬಂದ ಮುತ್ತಜ್ಜಿ ರೂತಳಿದ್ದಳು. ಎತ್ತಿ ಆಡುವವರಿಗೆ ಅಷ್ಟು ಸಾಕು.

ಪಾಪ, ಈ ಸೌಲ, ರಾಜನನ್ನು ಆರಿಸುವ ಚೀಟಿಯಲ್ಲಿ ಹೆಸರು ಬಂದಾಗ ಗಂಟುಮೂಟೆಗಳ ನಡುವೆ ಅಡಗಿಕೊಂಡಿದ್ದನಂತೆ. ನಮ್ಮವರೂ ಅಡಗುತ್ತಾರೆ, ಇಲ್ಲವೆಂದಲ್ಲ. ಫಲಿತಾಂಶ ಬಂದ ಮೇಲೆ, ರೆಸಾರ್ಟಿನಲ್ಲಿ.

ಇನ್ನು ಈ ಬುದ್ಧಿಮಾತಿನ ವಾರಸುದಾರರ ದೇಶದಲ್ಲಾದರೂ ಹೇಗಿದೆ ನೋಡಿ. ಇಸ್ರೇಲಿಗರು 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಐದು ಸಲ ಮತ ಹಾಕಿದರು. ಪರದೆಯ ಹಿಂದೆ ಹೋಗಿ, ಪಕ್ಷದ ಅಕ್ಷರಗಳಿರುವ ಚೀಟಿ ಆರಿಸಿ, ಲಕೋಟೆಗೆ ಸೇರಿಸಿ, ಐದು ಸಲ! 120 ಸ್ಥಾನದ ಸಂಸತ್ತು ಕ್ನೆಸೆಟ್‌ನಲ್ಲಿ ಬಹುಮತಕ್ಕೆ 61 ಬೇಕು. ಒಂದೇ ಪಕ್ಷಕ್ಕೆ ಅಷ್ಟು ಇದುವರೆಗೂ ಸಿಕ್ಕಿಲ್ಲ. ಹಾಗಾಗಿ ಸರ್ಕಾರವೆಂದರೆ ಹಲವು ಬುಟ್ಟಿಗಳ ಕೂಡಾವಳಿ. ಪ್ರಧಾನಿಯಾಗಿದ್ದ ಎಹೂದ್ ಓಲ್ಮರ್ಟ್ 2016ರಲ್ಲಿ ಜೈಲಿಗೇ ಹೋದರು. ನೆತನ್ಯಾಹು ಮೇಲಿನ ಭ್ರಷ್ಟಾಚಾರ ಮೊಕದ್ದಮೆಯ ವಿಚಾರಣೆ 2020ರಲ್ಲಿ ಶುರುವಾಯಿತು; ಅವರು ಆರೋಪ ಒಪ್ಪಿಲ್ಲ, ಅವರ ಮತದಾರರೂ ಒಪ್ಪಿಲ್ಲ.

ರಬ್ಬಿಗಳು ಎಡವಿದ್ದು ಇಲ್ಲೇ ಅನ್ನಿಸುತ್ತದೆ. ಬುಟ್ಟಿ ತೋರಿಸಿದರೆ ನಾಯಕ ನಾಚುತ್ತಾನೆ ಅಂದುಕೊಂಡರು. ಹಿಂಬಾಲಕರ ವಿಷಯ ಅವರಿಗೆ ಹೊಳೆಯಲಿಲ್ಲ. ಎದುರು ಪಕ್ಷದ ಬುಟ್ಟಿಯಲ್ಲಿರುವ ಹಲ್ಲಿಯ ಕುಲಗೋತ್ರವೆಲ್ಲ ಇವರಿಗೆ ಬಾಯಿಪಾಠ. ತಮ್ಮವನ ಬುಟ್ಟಿ ತೋರಿಸಿ, “ಹಲ್ಲಿಯೇ ಇರಬಹುದು ಸ್ವಾಮಿ, ಆದರೆ ಸೊಳ್ಳೆ ತಿನ್ನುತ್ತಲ್ಲ!” ಎಂದು ತಿರುಗಿ ಬೀಳುತ್ತಾರೆ. ಕೆಲವರಂತೂ ಬುಟ್ಟಿಗೇ ಹಾರ ಹಾಕಿಯಾರು.

ಇದನ್ನೆಲ್ಲ ಮೊನ್ನೆ ರಾತ್ರಿ ಮನೆಯವಳಿಗೆ ವಿವರಿಸುತ್ತಿದ್ದೆ. ಟೀವಿಯಲ್ಲಿ ನಾಯಕರೊಬ್ಬರು ಎದೆ ತಟ್ಟಿಕೊಂಡು, ತಮ್ಮ ಬದುಕು ತೆರೆದ ಪುಸ್ತಕ ಎಂದರು. ಅದೇ ಹೊತ್ತಿಗೆ ಟೀವಿಯ ಹಿಂದಿನ ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿತು. ಇವಳು ಥಟ್ಟನೆ ನೆಲಕ್ಕೆ ಬೆರಳು ಕುಟ್ಟಿ, “ಕೃಷ್ಣ ಕೃಷ್ಣ, ನೋಡಿ, ಹಲ್ಲಿ ನುಡೀತು, ನಿಜ ಹೇಳ್ತಿದಾರೆ” ಎಂದಳು.

“ಅಲ್ವೇ, ಅದು ಯಾರ ಬುಟ್ಟಿಯದು ಅಂತ ಮೊದಲು ವಿಚಾರಿಸು” ಅಂದೆ.