ಸಮಚಿಹ್ನೆಯಿಲ್ಲದ ರಾಯರು

ನಿವೃತ್ತ ಇಂಜಿನಿಯರುಗಳಲ್ಲಿ ದೇವರನ್ನು ನಂಬುವವರೂ ಉಂಟು, ನಂಬದವರೂ ಉಂಟು. ತಮ್ಮ ಕ್ಯಾಲ್ಕ್ಯುಲೇಟರನ್ನು ನಂಬದವರು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ನಂಬಿಕೆಯು ಅನನ್ಯಭಕ್ತಿಯ ಮಟ್ಟಕ್ಕೇರಿ, ಅನ್ಯ ಕಂಪನಿಯ ಯಂತ್ರವನ್ನು ಮುಟ್ಟಿದರೆ ಕೈತೊಳೆಯಬೇಕೆನ್ನುವಷ್ಟು ಮಡಿವಂತಿಕೆಯನ್ನು ತಳೆದಾಗ ಎಂತಹ ಮಹಾಶಯರು ಸಿದ್ಧರಾಗುತ್ತಾರೆಂಬುದನ್ನು ನೋಡಬೇಕಾದರೆ ದೆಹಲಿಯ ಆರ್.ಕೆ.ಪುರಂಗೆ ಹೋಗಬೇಕು. ಹೆಸರು ಬೇಡ, ರಾಯರೆಂದರೆ ಸಾಕು. ಈ ವರ್ಗದವರು ಪ್ರತಿ ಸೆಕ್ಟರಿನಲ್ಲಿಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಸೇವಾಭವನದ ಕೇಂದ್ರ ಜಲ ಆಯೋಗದಲ್ಲಿ ಪ್ರವಾಹಗಳ ಲೆಕ್ಕ ಹಾಕುತ್ತ ಆಯುಸ್ಸನ್ನು ಸವೆಸಿದ ರಾಯರು, ನಿವೃತ್ತಿಯ ತರುವಾಯ ತಮ್ಮ ಹೆಸರಿನ ಕ್ವಾರ್ಟರ್ಸನ್ನು ಸರ್ಕಾರಕ್ಕೊಪ್ಪಿಸಿ, ಅದೇ ಸರ್ಕಾರದ ನೌಕರನಾದ ಮಗನ ಹೆಸರಿನ ಕ್ವಾರ್ಟರ್ಸಿಗೆ ಎರಡು ಬೀದಿಯಾಚೆ ಸ್ಥಳಾಂತರಗೊಂಡವರು. ಸ್ಲೈಡ್ ರೂಲು, ಲಾಗರಿದಮ್ ಕೋಷ್ಟಕ, ಹಿಡಿಕೆ ತಿರುವಿದರೆ ಗರಗರನೆ ಸದ್ದುಮಾಡುವ ಫ್ಯಾಸಿಟ್ ಯಂತ್ರ, ಇವೆಲ್ಲದರ ಋಣ ತೀರಿಸಿದ ಮೇಲೆ, ಅಮೆರಿಕದಲ್ಲಿದ್ದ ಭಾವಮೈದುನನು ಸುಂಕದವನ ಮುಂದೆ ಸುಖದುಃಖ ಹೇಳುವ ಗೋಜಿಗೆ ಹೋಗದೆ ಕಾಲುಚೀಲದೊಳಗೆ ತುರುಕಿ ತಂದ ಹ್ಯೂಲೆಟ್ ಪ್ಯಾಕರ್ಡಿನ ಎಚ್‌ಪಿ-41ಸಿ ಅವರ ಕೈಸೇರಿತು. 1979ರಲ್ಲಿ ಹೊರಬಂದ ಆ ಮಾದರಿಯು ಅಮೆರಿಕದ ಬಾಹ್ಯಾಕಾಶ ನೌಕೆಯನ್ನೇರಿದ ಸಂಗತಿಯನ್ನು ರಾಯರು ಹೇಳುವ ಧಾಟಿಯನ್ನು ಕೇಳಿದವರಿಗೆ, ನೌಕೆಯೇ ಕ್ಯಾಲ್ಕ್ಯುಲೇಟರಿನ ಆಶ್ರಯದಲ್ಲಿ ಹಾರಿತೆಂಬ ಭಾವನೆ ಬಾರದಿರದು. ಅನಂತರ ಅದೇ ದಾರಿಯಿಂದ ಬಂದದ್ದು ರೇಖಾಚಿತ್ರ ಬರೆಯಬಲ್ಲ, 1990ರ ಎಚ್‌ಪಿ-48ಎಸ್‌ಎಕ್ಸ್; ರಾಯರ ಅಂಗಿಯ ಜೇಬು ಜೋತುಬಿದ್ದದ್ದು ಅಂದಿನಿಂದ.

ಈ ಸಂಪ್ರದಾಯದ ಯಂತ್ರಗಳಲ್ಲಿ ಲೆಕ್ಕ ಮಾಡುವ ಕ್ರಮವೇ ಬೇರೆ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ ಕ್ರಿಯಾಚಿಹ್ನೆಯನ್ನು ಸಂಖ್ಯೆಗಳ ಮುಂದಿಟ್ಟನಷ್ಟೆ. ಅದನ್ನು ತಿರುವುಮುರುವು ಮಾಡಿ, ಸಂಖ್ಯೆಗಳೆರಡನ್ನೂ ಮೊದಲು ಒಂದರ ಮೇಲೊಂದು ಪೇರಿಸಿ ಕಡೆಯಲ್ಲಿ ಕ್ರಿಯೆಯನ್ನು ಒತ್ತುವುದು ಇದರ ವಿಧಿ. ಆದಕಾರಣ ಇದರಲ್ಲಿ ಲೆಕ್ಕಕ್ಕೆ ಸಮಚಿಹ್ನೆಯ ಗುಂಡಿ ಬೇಕಿಲ್ಲ, ಆವರಣಗಳ ಹಂಗೂ ಇಲ್ಲ. ರಾಯರ ವಾದವಾದರೋ ಇನ್ನೂ ಮುಂದೆ ಹೋಗುತ್ತದೆ: “ಎರಡನ್ನೂ ಮೂರನ್ನೂ ಕೂಡು ಎನ್ನುತ್ತೀರೋ, ಎರಡು ಕೂಡು ಮೂರು ಎನ್ನುತ್ತೀರೋ? ಕ್ರಿಯಾಪದ ಕೊನೆಗೆ ಬರಬೇಕೆಂಬುದು ನಮ್ಮ ವ್ಯಾಕರಣ ಸ್ವಾಮಿ! ಎಚ್‌ಪಿ ಕನ್ನಡ ಮಾತನಾಡುತ್ತದೆ; ಮಿಕ್ಕವೆಲ್ಲ ಇಂಗ್ಲಿಷು.” ಈ ಮಾತಿಗೆ ಉತ್ತರ ಹೇಳಬಲ್ಲ ವೈಯಾಕರಣನು ಆರ್.ಕೆ.ಪುರಂನಲ್ಲಿ ಈವರೆಗೆ ದೊರೆತಿಲ್ಲ.

ಉತ್ತರ ಹೇಳಬಲ್ಲ ಇಂಜಿನಿಯರರು ಮಾತ್ರ ಒಬ್ಬರಿದ್ದಾರೆ. ಅದೇ ಸೇವಾಭವನದ ಕೇಂದ್ರ ವಿದ್ಯುತ್ ಪ್ರಾಧಿಕಾರದಿಂದ ನಿವೃತ್ತರಾದ ಮೂರ್ತಿಗಳು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಪಕ್ಷ. 1985ರಲ್ಲಿ ಬೆಂಗಳೂರಿಗೆ ಕಾಲಿಟ್ಟು, ಉಪಗ್ರಹ ಸಂಪರ್ಕದ ತಟ್ಟೆಯನ್ನು ಎತ್ತಿನಗಾಡಿಯಲ್ಲಿ ತರಿಸಿಕೊಂಡ ಕಂಪನಿಯು ಮೂರ್ತಿಗಳ ದೃಷ್ಟಿಯಲ್ಲಿ ಹೆಚ್ಚುಕಡಿಮೆ ನಮ್ಮೂರಿನದೇ. ಅವರ ಬಳಿ ಟಿಐ-83 ಇದೆ. ಅದರ ಪ್ರೋಗ್ರಾಮುಗಳನ್ನು ಬೇಸಿಕ್ ಭಾಷೆಯ ಒಂದು ಪ್ರಭೇದದಲ್ಲಿ ಬರೆಯುತ್ತಾರೆ. ಆ ಯಂತ್ರದಲ್ಲಿ ಸಾಮಾನ್ಯ ಸಂಖ್ಯೆಗಳಿಗೆ ಇಡಬಹುದಾದ ಹೆಸರುಗಳೆಂದರೆ ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳೂ ಒಂದು ಥೀಟಾ ಚಿಹ್ನೆಯೂ ಮಾತ್ರವೆಂದು ರಾಯರು ಮರುಕ ತೋರುತ್ತಾರೆ. “ನಮ್ಮಲ್ಲಿ ಎಷ್ಟುದ್ದದ ಹೆಸರಾದರೂ ಇಡಬಹುದು, ಪ್ರೋಗ್ರಾಮನ್ನೇ ಸಂಖ್ಯೆಯಂತೆ ಪೇರಿಸಿಡಬಹುದು.” ಮೂರ್ತಿಗಳು ಅವಸರಪಡುವವರಲ್ಲ: “ಅಹುದು ರಾಯರೇ, ಆದರೆ ರಾತ್ರಿ ಬರೆದದ್ದನ್ನು ಬೆಳಗ್ಗೆ ಬರೆದವರೇ ಓದಲಾರರು.” ಇದು ಅಪ್ಪಟ ಸತ್ಯವಾದ್ದರಿಂದ ರಾಯರಿಗೆ ಕೂಡಲೇ ಕಾಫಿಯ ನೆನಪಾಗುತ್ತದೆ.

ಒಮ್ಮೆ ರಾಯರ ಮೊಮ್ಮಗನು ಇವರಿಬ್ಬರ ನಡುವೆ ಬಾಯಿಹಾಕಿ, ಜಗತ್ತಿನ ಮೊತ್ತಮೊದಲ ಗ್ರಾಫಿಂಗ್ ಕ್ಯಾಲ್ಕ್ಯುಲೇಟರು 1985ರ ಕ್ಯಾಸಿಯೊ ಎಫ್‌ಎಕ್ಸ್-7000ಜಿ ಅಲ್ಲವೇ ತಾತ ಎಂದುಬಿಟ್ಟನು. ಹಿರಿಯರಿಬ್ಬರೂ ಅಂದು ಪ್ರಥಮಬಾರಿಗೆ ಒಂದಾದರು. ಪ್ರೋಗ್ರಾಮಿಗೆಂದು 422 ಬೈಟು ಮಾತ್ರ ಜಾಗವಿದ್ದ ಯಂತ್ರವೂ ಒಂದು ಯಂತ್ರವೇ ಎಂದು ರಾಯರು ಕೇಳಿದರು. ಒಂದು ಮಂಗಳಾರತಿಯ ಪದವೂ ಅದರಲ್ಲಿ ಹಿಡಿಯದೆಂದು ಮೂರ್ತಿಗಳು ಅನುಮೋದಿಸಿದರು. ಆ ಹುಡುಗನಾದರೋ ಸಿಬಿಎಸ್‌ಇ ಶಾಲೆಯವನು. ಅವನ ಬೋರ್ಡ್ ಪರೀಕ್ಷೆಯ ಕೋಣೆಗೆ ಅಂಗಡಿಯವನ ಕೂಡುಕಳೆಯ ಡಬ್ಬಿಗೂ ಪ್ರವೇಶವಿಲ್ಲ. ಮನೆಯಲ್ಲಿ ಇಷ್ಟು ಯಂತ್ರಗಳಿದ್ದೂ ಮಗ್ಗಿ ಬಾಯಿಪಾಠ ಮಾಡಿದವನು ಆ ವಂಶದಲ್ಲಿ ಅವನೊಬ್ಬನೇ.

ಈ ಸ್ಪರ್ಧೆಯ ಪರಾಕಾಷ್ಠೆ ಸಂಭವಿಸಿದ್ದು 2016ರಲ್ಲಿ. ಏಳನೆಯ ವೇತನ ಆಯೋಗದ ಪ್ರಕಾರ ಹಳೆಯ ಮೂಲ ಪಿಂಚಣಿಯನ್ನು 2.57ರಿಂದ ಗುಣಿಸಿ, ಪೈಸೆಗಳುಳಿದರೆ ಮುಂದಿನ ರೂಪಾಯಿಗೆ ಏರಿಸಬೇಕೆಂದು ಆಜ್ಞೆಯಾಯಿತು. ಇದಕ್ಕೆ ಪ್ರೋಗ್ರಾಮು ಬೇಕೇ ಎಂದು ಕೇಳುವವರು ಈ ಮಹನೀಯರನ್ನು ಬಲ್ಲವರಲ್ಲ. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಯಾವುದೋ ಉಪನ್ಯಾಸ ಮುಗಿದ ಮೇಲೆ, ನಿವೃತ್ತ ಅಂಡರ್ ಸೆಕ್ರೆಟರಿಯೊಬ್ಬರು ತಮ್ಮ 18,341 ರೂಪಾಯಿ ಎಷ್ಟಾಗುವುದೆಂದು ವಿಚಾರಿಸಿದ್ದೇ ತಡ, ರಾಯರು ತಮ್ಮ ಯಂತ್ರವನ್ನು ಅವರ ಕೈಗಿತ್ತರು. ಆ ಸಾಧುಪುರುಷರು ಪಿಂಚಣಿಯ ಅಂಕಿಗಳನ್ನೊತ್ತಿ, ಲೋಕರೂಢಿಯಂತೆ ಗುಣಾಕಾರವನ್ನೊತ್ತಿದರು. ಗುಣಿಸಲು ಸಾಕಷ್ಟು ಸರಕಿಲ್ಲವೆಂದು ಯಂತ್ರವು ಕೀಚೆಂದು ದೂರಿತು. ಮತ್ತೊಮ್ಮೆ ಒತ್ತಿ, ಮತ್ತೊಮ್ಮೆ ಕೀಚೆನ್ನಿಸಿಕೊಂಡು, ಸಮಚಿಹ್ನೆಯನ್ನು ಹುಡುಕುತ್ತ ಯಂತ್ರದ ಬೆನ್ನನ್ನೂ ತಿರುಗಿಸಿ ನೋಡಿದರು. ಕಡೆಗೆ ರಾಯರೇ ಪ್ರೋಗ್ರಾಮನ್ನು ನಡೆಸಿ 47,137 ಎಂದು ಸಾರಿದರು. ಮೂರ್ತಿಗಳ ಯಂತ್ರವು 47,136 ಎಂದಿತು. ಗುಣಲಬ್ಧ 47,136.37, ಮೂರ್ತಿಗಳು ಸಮೀಪದ ರೂಪಾಯಿಗೆ ಸರಿಪಡಿಸುವ ಆಜ್ಞೆಯನ್ನು ಬಳಸಿದ್ದರು.

ಆಗಿನ ರಾಯರ ಮುಖಕಾಂತಿಯನ್ನು ಏನೆಂದು ವರ್ಣಿಸಲಿ! ಮುಂದಿನ ಪೂರ್ಣಾಂಕಕ್ಕೆ ಏರಿಸುವ ಆಜ್ಞೆ ಎಚ್‌ಪಿಯಲ್ಲಿ ಹುಟ್ಟಿನಿಂದಲೇ ಇದೆ, ಟಿಐ-83ರಲ್ಲಿ ಇಲ್ಲ; ಸರ್ಕಾರದ ಔದಾರ್ಯವು ಮೂರ್ತಿಗಳ ಯಂತ್ರಕ್ಕೆ ಅರ್ಥವಾಗದು ಎಂದರು. ಸಂಖ್ಯೆಯನ್ನು ಋಣವಾಗಿಸಿ, ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ, ಪುನಃ ಋಣವಾಗಿಸಿದರೆ ಅದೇ ಫಲ ದೊರೆಯುವುದೆಂದು ಮೂರ್ತಿಗಳು ನಿಂತಲ್ಲಿಯೇ ತಿದ್ದಿ ತೋರಿಸಿದರು. ಸಾಲದ ಮೇಲೆ ಸಾಲ ಮಾಡಿ ಶ್ರೀಮಂತನಾಗುವ ವಿದ್ಯೆ ಇದೆಂದು ರಾಯರು ನಕ್ಕರು. ಪಿಂಚಣಿದಾರರು ಬಾಗಿಲಿನತ್ತ ಸರಿಯುತ್ತಿದ್ದುದನ್ನು ಕಂಡು ರಾಯರು ಔದಾರ್ಯದಿಂದ ಕೂಗಿ ಹೇಳಿದರು:

“ಸಂಕೋಚ ಬೇಡ ಸ್ವಾಮಿ, ಕುಟುಂಬ ಪಿಂಚಣಿಗೂ ಪ್ರೋಗ್ರಾಮು ಬರೆದಿಟ್ಟಿದ್ದೇನೆ. ಸಮಯ ಬಂದಾಗ ನಿಮ್ಮ ಮನೆಯವರನ್ನು ಕಳುಹಿಸಿ.”

“ಗ್ರಾಫು ಬೇಕಾದರೆ,” ಎಂದರು ಮೂರ್ತಿಗಳು, “ನನ್ನ ಹತ್ತಿರ ಕಳುಹಿಸಿ.”